ಇಳಿಸಿಟ್ಟ ತಮಟೆಗೆ ಒಂದು ಬಹುಮಾನ

ನಮ್ಮ ಕೇರಿಯಲ್ಲಿ ಏಪ್ರಿಲ್ 14ರ ರಾತ್ರಿ, ಬಾಬಾಸಾಹೇಬರ ಮೆರವಣಿಗೆ ಮುಗಿದು ಊಟ ಆದ ಮೇಲೆ, ಹುಡುಗ ಹುಡುಗಿಯರಿಗೆ ತಮಟೆ ಪಂದ್ಯ ಇಡುತ್ತೇವೆ. ಗೆದ್ದವರಿಗೆ 5,000 ರೂಪಾಯಿ. ತೀರಿಹೋದ ನಮ್ಮ ತಾತನ ಹೆಸರಿನ ಬಹುಮಾನ ಅದು.

ಇದನ್ನು ಓದಿದ ಕೆಲವು ಗೆಳೆಯರಿಗೆ ಸಿಟ್ಟು ಬರಬಹುದು. ತಮಟೆ ಬಿಡಿ ಅಂತ ಹಳ್ಳಿ ಹಳ್ಳಿ ತಿರುಗಿದವರು ನೀವೇ, ಈಗ ತಮಟೆ ಹಿಡಿದ ಮಕ್ಕಳಿಗೆ ದುಡ್ಡು ಕೊಡ್ತೀರಾ ಅಂತ ಕೇಳಬಹುದು. ಕೇಳಲಿ. ಆ ಪ್ರಶ್ನೆಯನ್ನು ನಮ್ಮ ಕೇರಿ ಮೊದಲೇ ಕೇಳಿದೆ. ಕೇಳಿದವಳು ತಾತನ ಹೆಂಡತಿ, ನಮ್ಮೆಲ್ಲರ ಅಜ್ಜಿ. ಅವಳಿಗೆ ಉತ್ತರ ಹುಡುಕಲು ಹೋಗಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ಹನ್ನೆರಡು ಜನ. ಒಬ್ಬರು ಹೈಸ್ಕೂಲು ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ನಾಲ್ವರು ಗಾರೆ ಕೆಲಸದವರು, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಮೂವರು ಹೆಣ್ಣುಮಕ್ಕಳು, ಉಳಿದವರು ಕೂಲಿ ಮಾಡುತ್ತಾ ಓದುವವರು. ನಮ್ಮಲ್ಲಿ ಕೆಲವರ ತಲೆ ನರೆತಿದೆ. ಕೆಲವರಿಗೆ ಇನ್ನೂ ಮೀಸೆ ಮೂಡುತ್ತಿದೆ.

ತಾತ ಅಂದರೆ ನಮ್ಮಲ್ಲಿ ಯಾರೋ ಒಬ್ಬನ ತಾತ ಅಲ್ಲ. ಕೇರಿಯ ಎಲ್ಲಾ ಮನೆಗೂ ಅವನು ತಾತ. ಊರಿನವರಿಗೆ ಮಾತ್ರ ಅವನು 'ಲೇ ತಮಟೆ'. ಓಟರ್ ಲಿಸ್ಟಿನಲ್ಲಿ ಕೂಡ ಅವನ ಹೆಸರಿನ ಕೊನೆಗೆ 'ಅಪ್ಪ' ಇರಲಿಲ್ಲ. ಬರೆಯುವವರು ನಮ್ಮವರ ಹೆಸರಿಗೆ ಅಷ್ಟು ಶಾಯಿ ಖರ್ಚು ಮಾಡುತ್ತಿರಲಿಲ್ಲ. ಬಹುಮಾನದ ಪತ್ರ ಅಚ್ಚು ಹಾಕಿಸುವಾಗ ನಾವೇ ಆ 'ಅಪ್ಪ' ಸೇರಿಸಿದೆವು. ಇಲ್ಲಿ ಕೇರಿ ಕರೆದ ಹಾಗೆ ತಾತ ಅಂತಲೇ ಬರೆಯುತ್ತೇವೆ.

ತಮಟೆ ಕಟ್ಟುವುದರಿಂದ ಹಿಡಿದು ಬಾರಿಸುವ ತನಕ ಎಲ್ಲಾ ತಾತನದೇ ಕೈ. ಕರುವಿನ ತೊಗಲು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ಹುಣಸೆಬೀಜ ಅರೆದು ಕಾಯಿಸಿದ ಅಂಟು ಹಚ್ಚಿ, ಬಳೆಗೆ ಬಿಗಿದು ನೆರಳಲ್ಲಿ ಒಣಗಿಸುತ್ತಿದ್ದ. ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ, ಕಿವಿಗೆ ಹಿಡಿದು ಕೇಳೋನು. ಸಾಲದು ಅನ್ನಿಸಿದರೆ ಮತ್ತೆ ಬೆಂಕಿಗೆ. ಬಲಗೈಲಿ ದಪ್ಪ ಕೋಲು, ಎಡಗೈಲಿ ಬಿದಿರಿನ ತೆಳು ಕಡ್ಡಿ. "ದಪ್ಪ ಕೋಲು ಮಾತಾಡ್ತದೆ, ತೆಳು ಕಡ್ಡಿ ಹೂಂಗುಡ್ತದೆ ಕಣ್ರಲಾ. ಹೂಂಗುಡೋದು ತಪ್ಪಿದ್ರೆ ಕತೆ ಕೆಡ್ತದೆ" ಅಂತ ಹೇಳಿಕೊಡುತ್ತಿದ್ದ.

ಸಾರು ಹಾಕುವುದಕ್ಕೆ ಒಂದು ವರಸೆ, ಮದುವೆ ಗಂಡನ್ನು ಎದುರುಗೊಳ್ಳುವುದಕ್ಕೆ ಒಂದು, ದೇವರು ಹೊರಡುವುದಕ್ಕೆ ಒಂದು, ಹೆಣ ಎತ್ತುವಾಗ ಒಂದು, ಸುಡುಗಾಡಿನ ದಾರಿಗೆ ಇನ್ನೊಂದು. ದೂರದ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸದ್ದು ಕೇಳಿಯೇ ಊರಲ್ಲಿ ಆಗಿರೋದು ಮದುವೆಯೋ ಸಾವೋ ಹೇಳುತ್ತಿದ್ದರು. ತಾತನ ತಮಟೆ ಇಲ್ಲದೆ ಊರ ದೇವರು ಗುಡಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಆ ಸದ್ದು ಗರ್ಭಗುಡಿ ತನಕ ಹೋಗುತ್ತಿತ್ತು. ಸದ್ದು ಮಾಡಿದವನು ಗುಡಿ ಮುಂದಿನ ಕಲ್ಲಿನಿಂದಾಚೆ ನಿಲ್ಲಬೇಕಾಗಿತ್ತು.

ಇದಕ್ಕೆ ಸಿಗುತ್ತಿದ್ದದ್ದು ಏನು? ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯ ಕೇಳಬೇಕು. ತೂರಿದ ಒಳ್ಳೆ ರಾಗಿ ಗೌಡರ ಮನೆಗೆ ಹೋದ ಮೇಲೆ, ಕಣದ ಅಡಿಯಲ್ಲಿ ಮಣ್ಣು ಬೆರೆತು ಉಳಿದದ್ದು ಒಂದು ಮೊರ. ಸಾವಿನ ಮನೆಯಲ್ಲಿ ಅರ್ಧ ಸೀಸೆ ಸಾರಾಯಿ. ಹಬ್ಬದಲ್ಲಿ ಮಾರನೇ ದಿನದ ತಂಗಳು. ಜ್ವರ ಇರಲಿ, ಮಳೆ ಇರಲಿ, ಮನೆಯಲ್ಲಿ ಬಾಣಂತಿ ಇರಲಿ, ಹಗಲೋ ರಾತ್ರಿಯೋ, 'ಲೇ' ಅಂತ ಕೂಗಿದರೆ ಹೊರಡಬೇಕು. ಊರಿನವರು ಇದಕ್ಕೆ ಪದ್ಧತಿ ಅನ್ನುತ್ತಿದ್ದರು. ನಾವು ಬಿಟ್ಟಿ ಚಾಕರಿ ಅನ್ನುತ್ತೇವೆ.

ಕಾನೂನು ಇರಲಿಲ್ಲ ಅಂತಲ್ಲ. ಆಗಿನ ಮೈಸೂರು ರಾಜ್ಯದಲ್ಲಿ 1961ರಲ್ಲೇ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿ ತಳವಾರಿಕೆ ಎಲ್ಲಾ ಕಾಗದದ ಮೇಲೆ ಹೋದವು. 1976ರ ಜೀತ ರದ್ದತಿ ಕಾಯ್ದೆ ಇನ್ನೂ ಮುಂದೆ ಹೋಗಿ, ಸಾಲಕ್ಕೆ ದುಡಿಸಿಕೊಳ್ಳುವುದು ಮಾತ್ರವಲ್ಲ, ರೂಢಿಯ ಹೆಸರಲ್ಲಿ, ಇಂಥ ಜಾತಿಯಲ್ಲಿ ಹುಟ್ಟಿದ್ದಾನೆ ಅನ್ನುವ ಕಾರಣಕ್ಕೆ ಒಬ್ಬನನ್ನು ದುಡಿಸಿಕೊಳ್ಳುವುದೂ ಜೀತವೇ ಅಂತ ಹೇಳಿತು. ಈ ಮಾತನ್ನು ನಮ್ಮ ಮೇಷ್ಟ್ರು ಓದಿ ಹೇಳಿದಾಗ ಕೇರಿಯ ಹಿರಿಯರು ನಂಬಲಿಲ್ಲ. "ಬರ್ದವ್ರಾ? ನಮ್ ವಿಚಾರ ಬರ್ದವ್ರಾ?" ಅಂತ ಮತ್ತೆ ಮತ್ತೆ ಕೇಳಿದರು.

ತಾತನಿಗೆ ಈ ಕಾಯ್ದೆ ಯಾವುದೂ ಗೊತ್ತಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಸೈಕಲ್ಲು ತುಳಿದುಕೊಂಡು ನಮ್ಮೂರಿಗೆ ಬಂದರು. ನಮ್ಮಲ್ಲಿ ಹಿರಿಯರಾದವರು ಆಗ ಪ್ರೈಮರಿ ಶಾಲೆ ಮಕ್ಕಳು. ಲಾಂದ್ರದ ಬೆಳಕಲ್ಲಿ ಅವರು ಹಾಡಿದರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಬಸವಲಿಂಗಪ್ಪನವರ ಕತೆ ಹೇಳಿದರು, 1973ರಲ್ಲಿ ಬೂಸಾ ಅಂದದ್ದಕ್ಕೆ ಅವರ ಮೇಲೆ ಬಿದ್ದವರ ಕತೆಯನ್ನೂ ಹೇಳಿದರು. ತಾತ ಮೂಲೆಯಲ್ಲಿ ಕೂತು ಬೀಡಿ ಸೇದುತ್ತಾ ಕೇಳಿದ. ಏನೂ ಮಾತಾಡಲಿಲ್ಲ.

ಆ ವರ್ಷದ ಜಾತ್ರೆಗೆ ಕರೆ ಬಂತು. ತಾತ ಹೋದ. ಕೈಲಿ ತಮಟೆ ಇರಲಿಲ್ಲ. ಕಲ್ಲಿನಾಚೆ ನಿಂತು, "ಕೂಲಿ ಮಾತಾಡಿ ಬುದ್ದಿ, ತತ್ತೀನಿ" ಅಂದ.

"ಏನ್ಲಾ, ದೇವರ ಸೇವೆಗೆ ಕೂಲಿ ಕೇಳ್ತೀಯಾ?"

"ದೇವ್ರಿಗಲ್ಲ ಬುದ್ದಿ, ನನ್ ಕೈಗೆ. ಪೂಜೆ ಮಾಡೋ ಅಯ್ನೋರಿಗೆ ನೀವು ಕೊಡಕಿಲ್ವಾ?"

ಗೆಳೆಯರು ಇದನ್ನು ಗಮನಿಸಬೇಕು. ತಾತ ಬಾರಿಸುವುದಿಲ್ಲ ಅನ್ನಲಿಲ್ಲ. ಕೂಲಿ ಕೇಳಿದ, ಅಷ್ಟೇ. ಊರಿನ ಕಿವಿಗೆ ಮಾತ್ರ ಅದು ದಂಗೆಯ ಹಾಗೆ ಕೇಳಿಸಿತು. ಮಾರನೇ ದಿನದಿಂದ ಹಿಟ್ಟಿನ ಗಿರಣಿ ನಮಗೆ ಮುಚ್ಚಿತು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಡಲಿಲ್ಲ. ಹೊಲಕ್ಕೆ ಕರೆಯಲಿಲ್ಲ. ಕೇರಿಯ ಎಮ್ಮೆಗಳು ಅವರ ಬದುವಿನ ಮೇಲೆ ಕಾಲಿಡುವ ಹಾಗಿರಲಿಲ್ಲ. 27 ದಿನ. ಪಕ್ಕದ ಊರಿನ ಕೇರಿಯವರು ರಾತ್ರಿ ಹೊತ್ತು ರಾಗಿ ಹೊತ್ತು ತಂದು ಕೊಟ್ಟರು. ಅಧಿಕಾರಿಗಳು ಜೀಪಿನಲ್ಲಿ ಬಂದು, ಎರಡೂ ಕಡೆಯವರು ಹೊಂದಿಕೊಂಡು ಹೋಗಿ ಅಂತ ಬುದ್ಧಿ ಹೇಳಿ, ಗೌಡರ ಮನೆಯಲ್ಲಿ ಎಳನೀರು ಕುಡಿದು ಹೋದರು. ಇವತ್ತಾದರೆ ಕಾನೂನು ಬಿಗಿಯಾಗಿದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ, ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಅಂತ ಹೆದರಿಸುವುದು, ಎರಡೂ ಅಪರಾಧ. ಅವತ್ತು ನಮ್ಮ ಹತ್ತಿರ ಇದ್ದದ್ದು ಪಕ್ಕದ ಕೇರಿಯ ರಾಗಿ ಮಾತ್ರ.

27 ದಿನ ಆದ ಮೇಲೆ ಸುಗ್ಗಿ ಬಂತು. ಅವರಿಗೆ ಆಳು ಬೇಕಾಯಿತು. ಬಹಿಷ್ಕಾರ ತಾನಾಗಿ ಬಿದ್ದುಹೋಯಿತು. ತಾತ ತಮಟೆಯನ್ನು ಗೋಡೆಗೆ ನೇತುಹಾಕಿ ಮೂರು ಮಾತು ಹೇಳಿದ. "ಮನೆತಾವ ಬರ್ಲಿ. ಹೆಸ್ರಿಡಿದು ಕರೀಲಿ. ಕೂಲಿ ಮಾತಾಡ್ಲಿ. ಆಗ ಬತ್ತೀನಿ."

ಊರಿನವರು ಯಾರೂ ಬರಲಿಲ್ಲ. ತಾತ ಆಮೇಲೆ ಬಾರಿಸಿದ್ದು ಎರಡೇ ಕಡೆ. ಒಂದು ನಮ್ಮ ಕೇರಿಯ ಮದುವೆ ಸಾವುಗಳಲ್ಲಿ. ಇನ್ನೊಂದು ಸಮಿತಿಯ ಮೆರವಣಿಗೆಯಲ್ಲಿ. ತಾಲ್ಲೂಕು ಕಚೇರಿಗೆ ಭೂಮಿ ಕೇಳಲು ಹೊರಟಾಗ ಮುಂದೆ ತಾತ, ಹಿಂದೆ ಜನ. ಹೆಣದ ಮುಂದೆ ನಡೆದಿದ್ದ ಅದೇ ತಮಟೆ, ಅದೇ ಕೋಲು. ಹಿಂದೆ ಹುಡುಗರು ಸಿದ್ಧಲಿಂಗಯ್ಯನವರ ಹಾಡು ಹಾಡುತ್ತಿದ್ದರೆ ತಾತ ನಡಿಗೆಗೆ ಸರಿಯಾಗಿ ವರಸೆ ಬದಲಾಯಿಸುತ್ತಿದ್ದ. ಸಿದ್ಧಲಿಂಗಯ್ಯನವರು 2021ರ ಜೂನಿನಲ್ಲಿ ತೀರಿಕೊಂಡಾಗ ಆ ಹಾಡಿನ ಜೊತೆಗೆ ನಮಗೆ ನೆನಪಾದದ್ದು ತಾತನ ಆ ಬೆನ್ನು. ನಾವು ಸಣ್ಣವರಾಗಿ ಅವನ ಹಿಂದೆ ನಡೆಯುತ್ತಿದ್ದುದರಿಂದ ಅವನ ಮುಖಕ್ಕಿಂತ ಬೆನ್ನೇ ನಮಗೆ ಚೆನ್ನಾಗಿ ಗೊತ್ತು.

ತಾತ ಸಿನಿಮಾ ನೋಡಿದ್ದು ಕಡಿಮೆ. ಟೆಂಟಿಗೆ 'ಸನಾದಿ ಅಪ್ಪಣ್ಣ' ಬಂದಾಗ ನೋಡಿದ್ದ. 1977ರ ಚಿತ್ರ. ಪರದೆಯ ಮೇಲೆ ಊದುವವರು ರಾಜಕುಮಾರ್. ನಿಜವಾಗಿ ಊದಿದವರು ಬಿಸ್ಮಿಲ್ಲಾ ಖಾನರು. ಮರಳಿನ ಮೇಲೆ ಕೂತು ನೋಡಿ ಹೊರಗೆ ಬಂದ ತಾತ ಕೇಳಿದನಂತೆ, "ಯಾರ್ಲಾ ಅದು ಊದಿದ್ದು?" ಕಾಶಿ ಕಡೆಯ ಸಾಬರು ತಾತ ಅಂದರು. "ಅವರ್ದೂ ಗುಡಿ ಬಾಗಿಲ ಕೆಲಸಾನಾ?"

ತಾತನಿಗೆ ಹೇಗೆ ಹೊಳೆಯಿತೋ. ಬಿಸ್ಮಿಲ್ಲಾ ಖಾನರು ಹುಟ್ಟಿದ್ದು 1916ರಲ್ಲಿ, ಬಿಹಾರದ ಡುಮರಾಂವ್‌ನಲ್ಲಿ, ಅಲ್ಲಿನ ಅರಮನೆಗೆ ಶಹನಾಯಿ ಊದುತ್ತಿದ್ದ ಮನೆತನದಲ್ಲಿ. ಅವರಿಗೆ ಕಲಿಸಿದ ಸೋದರಮಾವ ಕಾಶಿ ವಿಶ್ವನಾಥನ ಗುಡಿಗೆ ಶಹನಾಯಿ ಊದುತ್ತಿದ್ದವರು. ಶಹನಾಯಿಯೂ ಮದುವೆ ಚಪ್ಪರದ, ಗುಡಿ ಬಾಗಿಲ ವಾದ್ಯವೇ ಆಗಿತ್ತು. ಅದನ್ನು ಕಚೇರಿಯ ವೇದಿಕೆಗೆ ಹತ್ತಿಸಿದವರು ಖಾನರು. ಸ್ವಾತಂತ್ರ್ಯ ಬಂದಾಗ ಕೆಂಪು ಕೋಟೆಯಲ್ಲಿ ಊದಿದರು. 2001ರಲ್ಲಿ ಭಾರತರತ್ನ ಬಂತು. 2006ರ ಆಗಸ್ಟ್ 21ರಂದು ಬನಾರಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಅವರ ಹೆಸರಿನಲ್ಲಿ ಯುವ ಪುರಸ್ಕಾರ ಶುರು ಮಾಡಿತು. ಸಂಗೀತ, ಕುಣಿತ, ನಾಟಕ, ಜಾನಪದ ಎಲ್ಲಕ್ಕೂ ಸೇರಿ, ಈಗ 40 ವರ್ಷದೊಳಗಿನ ಕಲಾವಿದರಿಗೆ ಕೊಡುತ್ತಾರೆ. ಜೊತೆಗೆ 25,000 ರೂಪಾಯಿ.

ಈ ಸುದ್ದಿಯ ಪೇಪರ್ ತುಂಡನ್ನು ನಮ್ಮ ಕಂಡಕ್ಟರ್ ಗೆಳೆಯ ಪರ್ಸಿನಲ್ಲಿ ಇಟ್ಟುಕೊಂಡಿದ್ದ. ತಾತ ಸತ್ತದ್ದು ಕೊರೋನಾಕ್ಕೆ ಒಂದು ವರ್ಷ ಮುಂಚೆ. ಕೊರೋನಾ ಕಳೆದ ಮೇಲೆ ಒಂದು ರಾತ್ರಿ ಸಮುದಾಯ ಭವನದ ಜಗಲಿಯಲ್ಲಿ ಕೂತಿದ್ದಾಗ ಅವನು ಆ ತುಂಡು ತೆಗೆದು ಓದಿದ. "ಕಾಶಿ ಸಾಬರ ಹೆಸರಲ್ಲಿ ಕೊಡ್ತಾರೆ. ನಮ್ ತಾತನ ಹೆಸರಲ್ಲಿ ನಾವ್ಯಾಕೆ ಕೊಡಬಾರದು?"

ಎಲ್ಲರಿಗೂ ಹಿಡಿಸಿತು. ನಮ್ಮ ಸಂಸ್ಕೃತಿ, ನಮ್ಮ ಕಲೆ, ಮೂಲನಿವಾಸಿಗಳ ವಾದ್ಯ ಅಂತೆಲ್ಲ ಮಾತಾಡಿದೆವು. ಕರಪತ್ರದ ಒಕ್ಕಣೆ ಕೂಡ ಆಯಿತು. ಅಜ್ಜಿಯ ಒಪ್ಪಿಗೆ ಕೇಳೋದು ಬರೀ ಶಾಸ್ತ್ರಕ್ಕೆ ಅಂದುಕೊಂಡು ಅವಳ ಮನೆಗೆ ಹೋದೆವು.

ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಎಲ್ಲಾ ಕೇಳಿ ತಲೆ ಎತ್ತದೆ ಹೇಳಿದಳು.

"ಅವನು ಇಳಿಸಿಟ್ಟ ತಮಟೇನ ನನ್ ಮೊಮ್ಮಕ್ಕಳ ಹೆಗಲಿಗೆ ಹಾಕಕ್ಕೆ ಬಹುಮಾನ ಬೇರೆ ಕೊಡ್ತೀರೇನ್ರಪ್ಪಾ?"

ನಾವು ಸುಮ್ಮನಾದೆವು. ಅಜ್ಜಿ ನಿಲ್ಲಿಸಲಿಲ್ಲ. "ಅವನ ಕೈ ಚೆಂದ ಅಂತ ನೀವು ಅಂತೀರಿ. ಆ ಕೈಗೆ ರಾತ್ರಿ ಎಣ್ಣೆ ಹಚ್ಚಿದೋಳು ನಾನು. ಎರಡು ದಿನ ಹೆಣದ ಮುಂದೆ ಬಾರ್ಸಿ ಬಂದು ಅನ್ನ ಕಲಸಕ್ಕೆ ಆಗ್ದೆ ಕೂತ್ಕೊಳ್ಳೋನು. ನಾನು ತಿನ್ನಿಸ್ತಿದ್ದೆ. ಅದಕ್ಕೂ ಬಹುಮಾನ ಮಡಗಿ."

ಆ ರಾತ್ರಿ ನಮ್ಮೊಳಗೆ ಜಗಳವೇ ಆಯಿತು. ಅಜ್ಜಿ ಹೇಳಿದ್ದೇ ಸರಿ, ಎಲ್ಲಾ ಬಿಟ್ಟುಬಿಡೋಣ ಅಂದವರು ಅರ್ಧ ಜನ. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಮಹಾರರ ವತನಕ್ಕೆ ತಿದ್ದುಪಡಿ ತರಲು ಹೊರಟರು. ಊರ ಚಾಕರಿಗೆ ಪ್ರತಿಯಾಗಿ ಸಿಗುವ ತುಂಡು ನೆಲ, ಹಿಡಿ ಕಾಳು ನಮ್ಮನ್ನು ಕಟ್ಟಿಹಾಕುವ ಹಗ್ಗ ಅಂತ ಅವರಿಗೆ ಗೊತ್ತಿತ್ತು. ಆ ಹಗ್ಗಕ್ಕೆ ನಾವು ಜರತಾರಿ ಸುತ್ತುತ್ತಿದ್ದೇವೆ ಅಂತ ಮೇಷ್ಟ್ರು ವಾದಿಸಿದರು. ಕಾರಂತರ ಚೋಮನನ್ನೂ ಎಳೆದು ತಂದರು. 1933ರ ಕಾದಂಬರಿ, 1975ರಲ್ಲಿ ಸಿನಿಮಾ ಆಗಿ ದೇಶದ ದೊಡ್ಡ ಪ್ರಶಸ್ತಿ ಪಡೆಯಿತು. "ಚೋಮ ಕೇಳಿದ್ದು ಉಳೋಕೆ ಭೂಮಿ. ಕೊನೆಗೆ ಅವನ ಕೈಲಿ ಉಳಿದದ್ದು ದುಡಿ. ಓದಿದವರು, ನೋಡಿದವರು ಕಣ್ಣೀರು ಹಾಕಿ ಮನೆಗೆ ಹೋದರು. ಭೂಮಿ ಅಲ್ಲೇ ಇತ್ತು, ಅವರ ಹತ್ತಿರವೇ" ಅಂದರು ಮೇಷ್ಟ್ರು.

ಇನ್ನರ್ಧ ಜನ ಬೇರೆ ಮಾತಾಡಿದರು. ಅವಮಾನ ಇದ್ದದ್ದು ತಮಟೆಯಲ್ಲಾ, 'ಲೇ' ಅನ್ನೋದರಲ್ಲಾ? ತೊಗಲು ಹದ ಮಾಡುವ, ಹದಿನಾರು ವರಸೆ ನೆನಪಿಟ್ಟುಕೊಳ್ಳುವ ವಿದ್ಯೆಯನ್ನು ನಾವೇ ಎಸೆದರೆ, ನಾಳೆ ಪಟ್ಟಣದವರು ಫೈಬರ್ ತಮಟೆ ತಗಲಿಸಿಕೊಂಡು ಬಂದು ನಮಗೇ ಕಲಿಸುತ್ತಾರೆ. ಮೃದಂಗಕ್ಕೆ ತೊಗಲು ಹಾಕುವ ಎಷ್ಟೋ ಕೈಗಳು ನಮ್ಮವರದೇ. ವೇದಿಕೆ ಮೇಲೆ ನಮ್ಮ ಹೆಸರು ಎಷ್ಟು ಸಲ ಬಂದಿದೆ?

ಬಗೆಹರಿಸಿದ್ದು ಗಾರೆ ಕೆಲಸದ ಗೆಳೆಯ. ಅವನು ಹೆಚ್ಚು ಓದಿದವನಲ್ಲ. "ತಾತ ಬಾರ್ಸಕಿಲ್ಲ ಅಂದ್ನಾ? ಇಲ್ಲ. ಹೆಂಗ್ ಕರೆದ್ರೆ ಬತ್ತೀನಿ ಅಂತ ಹೇಳವ್ನೆ. ಆ ಮೂರು ಮಾತ್ನ ಮರ್ತು ತಮಟೆ ಬಗ್ಗೆ ಮಾತಾಡ್ತಾ ಕುಂತಿದ್ದೀರಲ್ಲ."

ಆ ಮೇಲೆ ನಿಯಮ ಬರೆದೆವು. ಬೇರೆ ಊರಿನ ಗೆಳೆಯರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಹೇಳುತ್ತೇವೆ. ಪಂದ್ಯಕ್ಕೆ 20 ವರ್ಷದೊಳಗಿನ ಯಾರು ಬೇಕಾದರೂ ಬರಬಹುದು. ಎಡಗೈಯೋ ಬಲಗೈಯೋ, ಯಾವ ಕೇರಿ, ಯಾವ ಜಾತಿ ಅಂತ ಕೇಳುವುದಿಲ್ಲ. ಶಾಲೆ ಬಿಟ್ಟವರಾದರೆ ಮತ್ತೆ ಸೇರಬೇಕು, ಸೇರಿಸುವ ಜವಾಬ್ದಾರಿ ನಮ್ಮದು. ಬಹುಮಾನವಾಗಿ ತಮಟೆ ಕೊಡುವುದಿಲ್ಲ, ಶಾಲು ಹಾರ ಕೊಡುವುದಿಲ್ಲ. ದುಡ್ಡು ಮಗುವಿನ ಬ್ಯಾಂಕ್ ಖಾತೆಗೆ. ರಾಜಕಾರಣಿಯ ದುಡ್ಡು ಬೇಡ. ಒಬ್ಬ ಕಂಟ್ರಾಕ್ಟರು 25,000 ಕೊಡುತ್ತೇನೆ, ಫ್ಲೆಕ್ಸಿನಲ್ಲಿ ತನ್ನ ಫೋಟೋ ತಾತನ ಫೋಟೋಗಿಂತ ಸ್ವಲ್ಪ ದೊಡ್ಡದಾಗಿರಲಿ ಅಂದ. ಬೇಡ ಅಂದೆವು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ತಿಂಗಳಿಗೆ 100 ರೂಪಾಯಿ ಹಾಕುತ್ತಾರೆ, ಉಳಿದವರು 50. ಸಾಲದಿದ್ದರೆ ಸಾಲ.

ಕೊನೆಯದಾಗಿ, ಗೆದ್ದವರನ್ನು ಯಾರೇ ಕರೆದರೂ ತಾತನ ಮೂರು ಮಾತು ನಡೆಯಬೇಕು.

ಇದನ್ನು ಅಜ್ಜಿಗೆ ಓದಿ ಹೇಳಿದೆವು. ಅವಳು ಇನ್ನೊಂದು ಸೇರಿಸಿದಳು. "ಬರೀ ಬಾರ್ಸಿಬಿಟ್ಟು ಹೋಗೋದಲ್ಲ. ಮುಂಚೆ ಹೇಳ್ಲಿ. ಈ ವರಸೆ ಯಾವುದಕ್ಕೆ, ಅವರ ಮನೇಲಿ ಯಾರು ಬಾರಿಸ್ತಿದ್ರು, ಏನ್ ಸಿಕ್ತಿತ್ತು, ಎಲ್ಲಾನೂ ಹೇಳ್ಲಿ."

ನಮ್ಮ ನಿಯಮಗಳಲ್ಲೆಲ್ಲ ಇದೇ ದೊಡ್ಡದು ಅಂತ ಈಗ ಅನ್ನಿಸುತ್ತದೆ. ಪಂದ್ಯಕ್ಕೆ ಬರುವ ಮಕ್ಕಳು ತಿಂಗಳ ಮುಂಚೆಯೇ ಮುದುಕರ ಹಿಂದೆ ಬೀಳುತ್ತಾರೆ. ಮಾತೇ ಆಡದಿದ್ದ ಮುದುಕರು ಬಾಯಿ ಬಿಡುತ್ತಾರೆ. ಮೊದಲ ವರ್ಷ ಎಂಟನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು, ತನ್ನ ಮುತ್ತಾತ ಹೆಣದ ಮುಂದೆ ಬಾರಿಸುತ್ತಾ ನಡೆಯುವಾಗ ಕಾಲಿಗೆ ಮುಳ್ಳು ಹೊಕ್ಕರೂ ನಿಲ್ಲುವ ಹಾಗಿರಲಿಲ್ಲ, ನಿಂತರೆ ಹೆಣ ನಿಲ್ಲುತ್ತದೆ ಅಂತ ಬೈಯುತ್ತಿದ್ದರು ಅಂತ ಹೇಳಿದ. ಹೇಳಿ ಆ ದಾರಿಯ ವರಸೆ ಬಾರಿಸಿದ. ಆ ಹುಡುಗನ ಅಪ್ಪ ಜನರ ಮಧ್ಯೆ ಕೂತು ಅಳುತ್ತಿದ್ದ. ಅವನಿಗೇ ಈ ವಿಷಯ ಗೊತ್ತಿರಲಿಲ್ಲವಂತೆ.

ಎರಡನೇ ವರ್ಷ ನಮ್ಮ ಹುಳುಕು ನಮಗೇ ಕಾಣಿಸಿತು. ಇಬ್ಬರು ಹುಡುಗಿಯರು ಹೆಸರು ಕೊಟ್ಟರು. ಕೇರಿಯ ಗಂಡಸರಲ್ಲಿ ಹಲವರು, ನಮ್ಮ ಹನ್ನೆರಡು ಜನರಲ್ಲೇ ಇಬ್ಬರು, ಹೆಣ್ಣು ತಮಟೆ ಮುಟ್ಟಬಾರದು ಅಂದರು. ಯಾಕೆ ಅಂದರೆ ಪದ್ಧತಿ ಅಂದರು. ಊರ ಯಜಮಾನರ ಬಾಯಿಂದ ನಾವು ಕೇಳಿದ್ದ ಅದೇ ಮಾತು ನಮ್ಮ ಬಾಯಿಂದಲೇ ಬಂತು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಮೊಬೈಲಿನಲ್ಲಿ ತಮಿಳುನಾಡಿನ ದಿಂಡಿಗಲ್ಲಿನ ಶಕ್ತಿ ತಂಡವನ್ನು ತೋರಿಸಿದರು. ಅಲ್ಲಿ ದಲಿತ ಹೆಣ್ಣುಮಕ್ಕಳೇ ಪರೈ ಕಟ್ಟಿಕೊಂಡು ಬಾರಿಸುತ್ತಾ ಕುಣಿಯುತ್ತಾರೆ. "ನಮ್ಮ ದುಡ್ಡು ಬೇಕು, ನಮ್ಮ ಕೈ ಬೇಡ್ವಾ? ಹಂಗಾದ್ರೆ ಈ ತಿಂಗಳಿಂದ ನೂರು ರೂಪಾಯಿ ಬರಲ್ಲ" ಅಂದರು. ವಾದ ಅಲ್ಲಿಗೆ ಮುಗಿಯಿತು. ಆ ವರ್ಷ ಗೆದ್ದವಳು ಪಿಯುಸಿ ಓದುವ ಹುಡುಗಿ. ಅಜ್ಜಿ ವೇದಿಕೆಗೆ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಕತ್ತಲಲ್ಲಿ ಬೇವಿನ ಮರದ ಕೆಳಗೆ ಕೂತು ಕೇಳುತ್ತಾಳೆ. ಹೆಂಗಿತ್ತಜ್ಜಿ ಅಂದರೆ, "ಎಡಗೈ ಕಡ್ಡಿ ಒಂಚೂರು ಬೇಗ ಬೀಳ್ತು. ಹೇಳು ಅವಳಿಗೆ" ಅಂದಳು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮ ಕೇರಿಯಲ್ಲಿ ಸಕ್ಕರೆ ಹಂಚಿದೆವು. ತಮಟೆಯನ್ನು ರಾಷ್ಟ್ರಪತಿ ಭವನದ ತನಕ ಮುಟ್ಟಿಸಿದ ಆ ಹಿರಿಯರಿಗೆ ಶರಣು. ಆದರೆ ಅದಾದ ಮೇಲೆ ನಮ್ಮೂರಲ್ಲಿ ಒಂದು ವಿಚಿತ್ರ ನಡೆಯಿತು. ಜಾತ್ರೆ ಹತ್ತಿರ ಬಂದಾಗ ಗುಡಿ ಕಮಿಟಿಯ ಇಬ್ಬರು ನಮ್ಮ ಮೇಷ್ಟ್ರನ್ನು ಬಸ್ ಸ್ಟಾಂಡಿನಲ್ಲಿ ಹಿಡಿದು, ಬಹಳ ವಿನಯದಿಂದ ಮಾತಾಡಿದರು. "ಈಗ ಅದು ಕಲೆ ಅಲ್ವಾ ಮೇಷ್ಟ್ರೇ. ದಿಲ್ಲಿಯವರೇ ಒಪ್ಪಿದ್ದಾರೆ. ನಿಮ್ಮ ಹುಡುಗರು ಬಹುಮಾನ ಬೇರೆ ತಗೊಂಡಿದ್ದಾರೆ. ಕಲಾಸೇವೆ ಅಂತ ಬಂದು ಬಾರಿಸಿಬಿಡಲಿ. ನಮ್ಮೂರ ಸಂಸ್ಕೃತಿ ಉಳೀಬೇಕು."

ನೋಡಿದಿರಾ? 'ಲೇ' ಹೋಯಿತು, 'ಕಲಾಸೇವೆ' ಬಂತು. ಕೂಲಿಯ ಮಾತು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಜ್ಜಿ ಹೆದರಿದ್ದು ಇದಕ್ಕೇ. ಮೊದಲ ವರ್ಷ ಗೆದ್ದ ಹುಡುಗ ಆಗ ಹೈಸ್ಕೂಲು ಮುಗಿಸುತ್ತಿದ್ದ. ಅವನೇ ಹೋಗಿ ಹೇಳಿದ. ಕೇರಿಗೆ ಬನ್ನಿ, ಹೆಸರು ಹಿಡಿದು ಕರೆಯಿರಿ, ಕೂಲಿ ಮಾತಾಡಿ. ಅವರು ನಕ್ಕು, ನೋಡೋಣ ಅಂದರು. ಜಾತ್ರೆಗೆ ಪಟ್ಟಣದಿಂದ ಬ್ಯಾಂಡ್‌ಸೆಟ್ ಬಂತು. ಅದಕ್ಕೆ 30,000 ರೂಪಾಯಿ, ಊಟ, ವ್ಯಾನಿನ ಬಾಡಿಗೆ. ಕಮಿಟಿಯವರೇ ಲೆಕ್ಕ ಬರೆದು ಗುಡಿ ಗೋಡೆಗೆ ಅಂಟಿಸಿದ್ದರು. ಹಾಗಾದರೆ ದುಡ್ಡಿಗೆ ಬರ ಇರಲಿಲ್ಲ. ನಮ್ಮ ಕೈಗೆ ಕೊಡಲು ಮನಸ್ಸಿಗೆ ಬರ.

ಒಂದು ಹೆಸರಿಗೆ ಎಷ್ಟು ಶಕ್ತಿ ಇದೆ ಅನ್ನುವುದರ ಬಗ್ಗೆ ನಮಗೆ ಭ್ರಮೆ ಇಲ್ಲ. ಬಿಸ್ಮಿಲ್ಲಾ ಖಾನರ ಹೆಸರಿನ ಪುರಸ್ಕಾರ ಶುರುವಾಗಿ ಹತ್ತು ವರ್ಷ ಆದ ಮೇಲೆ, 2017ರ ಜನವರಿಯಲ್ಲಿ, ಅವರ ಮನೆಯಿಂದ ಕಾಣೆಯಾಗಿದ್ದ ಬೆಳ್ಳಿ ಶಹನಾಯಿಗಳ ಸುದ್ದಿ ಪೇಪರಿನಲ್ಲಿ ಬಂತು. ಅವು 17,000 ರೂಪಾಯಿಗೆ ಚಿನಿವಾರರ ಅಂಗಡಿ ಸೇರಿ ಕರಗಿ ಹೋಗಿದ್ದವು. ದಿಲ್ಲಿಯಲ್ಲಿ ಹೆಸರು ಬಾಳುತ್ತಿದ್ದಾಗಲೇ ಬನಾರಸ್ಸಿನಲ್ಲಿ ವಾದ್ಯ ಕರಗಿತು. ನಮ್ಮ ತಾತನ ತಮಟೆ ಬೆಳ್ಳಿಯದಲ್ಲ, ಕದಿಯಲು ಯಾರೂ ಬರುವುದಿಲ್ಲ. ಇಲಿ ಕಡಿಯಬಹುದು. ಅಜ್ಜಿ ಅದನ್ನು ಗೋಡೆಯಿಂದ ಇಳಿಸಲು ಇನ್ನೂ ಬಿಟ್ಟಿಲ್ಲ. ಪಂದ್ಯಕ್ಕೆ ಬೇರೆ ತಮಟೆ ಕಟ್ಟಿಸಿದ್ದೇವೆ. ಕಟ್ಟಿದವರಿಗೆ ಕೂಲಿ ಕೊಟ್ಟಿದ್ದೇವೆ, ಅವರ ಹೆಸರನ್ನು ಕರಪತ್ರದಲ್ಲಿ ಹಾಕಿದ್ದೇವೆ.

ಹಳ್ಳಿಯ ಮೇಷ್ಟ್ರುಗಳಲ್ಲಿ, ಕಾಲೇಜಿನ ಗೆಳೆಯರಲ್ಲಿ ಒಂದು ಮಾತು. ನಿಮ್ಮ ಊರಿನಲ್ಲೂ ಒಬ್ಬ ತಾತ ಸತ್ತಿರುತ್ತಾನೆ. ಅರೆ ಬಡಿಯುವವನೋ, ವಾಲಗ ಊದುವವನೋ, ತಂಬೂರಿ ಹಿಡಿದು ಹಾಡುವವನೋ, ಹೆರಿಗೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯೋ. ಅವರ ಹೆಸರಲ್ಲಿ ಬಹುಮಾನ ಇಡಿ. ಆದರೆ ಇಡುವ ಮುಂಚೆ ಅವರ ಮನೆಯವರನ್ನು ಕೇಳಿ. ಆ ಕೈಗೆ ಎಣ್ಣೆ ಹಚ್ಚಿದವರು ಇನ್ನೂ ಬದುಕಿರಬಹುದು. ಅವರು ಬೇಡ ಅಂದರೆ ಯಾಕೆ ಅಂತ ಕೂತು ಕೇಳಿ. ಮಗುವಿನ ಕೈಗೆ ವಾದ್ಯ ಕೊಡುವ ದಿನವೇ ಅದನ್ನು ಇಳಿಸಿಡುವ ಹಕ್ಕನ್ನೂ ಕೊಡಿ. ನಮ್ಮಲ್ಲಿ ಗೆದ್ದ ಹುಡುಗ ಈಗ ಐಟಿಐನಲ್ಲಿ ಎಲೆಕ್ಟ್ರಿಶಿಯನ್ ಕೆಲಸ ಕಲಿಯುತ್ತಿದ್ದಾನೆ, ತಮಟೆ ಮುಟ್ಟಿ ಆರು ತಿಂಗಳಾಯಿತಂತೆ. ನಮಗೆ ಬೇಸರವಿಲ್ಲ. ಪಿಯುಸಿ ಹುಡುಗಿ ಡಿಗ್ರಿಗೆ ಸೇರಿ, ಭಾನುವಾರ ಭಾನುವಾರ ಎಂಟು ಮಕ್ಕಳಿಗೆ ಕಲಿಸುತ್ತಿದ್ದಾಳೆ. ಅವರಲ್ಲಿ ಇಬ್ಬರು ಮೇಲಿನ ಕೇರಿಯವರು, ಮನೆಯಲ್ಲಿ ಹೇಳದೆ ಬರುತ್ತಾರೆ.

ಈ ವರ್ಷ ಗುಡಿ ಕಮಿಟಿಯಿಂದ ಆ ಹುಡುಗಿಗೆ ಫೋನ್ ಬಂತು. ಹೆಸರು ಹಿಡಿದೇ ಕರೆದರಂತೆ. ಎಷ್ಟು ತಗೊಳ್ತೀಯಮ್ಮಾ ಅಂತಲೂ ಕೇಳಿದರಂತೆ. ಅವಳು ಅಜ್ಜಿಯ ಹತ್ತಿರ ಓಡಿಬಂದು ಹೇಳಿದಳು. ಅಜ್ಜಿ ಬೆರಳು ಮಡಚಿ ಎಣಿಸಿದಳು.

"ಎರಡಾಯ್ತು. ಫೋನಲ್ಲಿ ಮಾತಾಡಿದ್ರೆ ಆಗಕಿಲ್ಲ. ಮನೆತಾವ ಬರಕ್ಕೆ ಹೇಳು. ದಾರಿ ಅವರಿಗೇನು ಗೊತ್ತಿಲ್ದೇ ಇರೋದಲ್ಲ."